ಹೀರೇಕಾಯಿ ಸಿಪ್ಪೆಯ ಹೊಟ್ಟೆಕಿಚ್ಚು

ಗದಗ, ಇಸವಿ ೨೩೧೧, ನಮ್ಮ ಹೊಸ ಪಂಚಾಂಗದ ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ

ಹಿರಿಯರಾದ ವಿಶಾಲಾಕ್ಷಿ ಅವರಿಗೆ ಮಹಾನಂದಾ ಮಾಡುವ ಶರಣು.

ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಹಿಂಗನ್ನಡಿಯಲ್ಲಿ ಮಾತ್ರ ನನ್ನ ಮಗಳಷ್ಟು ಚಿಕ್ಕವರಾಗಿ ಕಾಣುತ್ತೀರಿ. ಹಿಂಗನ್ನಡಿ ಎಂದರೆ ಹಿಂದಿನವರ ಅಡುಗೆಮನೆಯನ್ನು ತೋರಿಸುವ ಗಾಜು. ನಮ್ಮ ಓಣಿಯ ಚಾವಡಿಯಲ್ಲಿದೆ. ಇಂಥ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹೊಟ್ಟೆಕಿಚ್ಚು ಎಂಬ ಮಾತು ಮಾತ್ರ ಬದಲಾಗಿಲ್ಲ. ಅದನ್ನೇ ಹೇಳಿಕೊಳ್ಳಲು ಬರೆಯುತ್ತಿದ್ದೇನೆ.

ನಮ್ಮ ಊಟ ಒತ್ತನ್ನ, ಅಂದರೆ ಕಾರ್ಖಾನೆಯಲ್ಲಿ ಒತ್ತಿ ಕಳಿಸುವ ಬಿಲ್ಲೆ. ಅದಕ್ಕೆ ಸಿಪ್ಪೆಯಿಲ್ಲ, ತೊಟ್ಟಿಲ್ಲ, ತೊಳೆದ ನೀರೂ ಇಲ್ಲ. ಹೊರಗಿನ ನೆಲ ಸತ್ತು ತಲೆಮಾರುಗಳಾದವು. ಬದುಕಿರುವ ಮಣ್ಣು ಮನೆಗೊಂದು ಮಡಕೆಯಷ್ಟು. ಮದುವೆಯಾದ ಹೆಣ್ಣಿಗೆ ತವರಿನವರು ಮಣ್ಣಹೆಪ್ಪು ಕೊಡುತ್ತಾರೆ. ಹುಳುವಿರುವ ಹಳೆಯ ಗೊಬ್ಬರದ ಒಂದು ಹಿಡಿ ಅದು. ಮೊಸರಿಗೆ ಹೆಪ್ಪು ಹಾಕಿದಂತೆ ಅದರಿಂದ ಹೊಸ ಮಡಕೆ ಕಟ್ಟಬೇಕು. ಮಡಕೆ ಸತ್ತರೆ ಎರಡನೆಯ ಸಲ ಯಾರೂ ಕೊಡುವುದಿಲ್ಲ. ಅದರಲ್ಲಿನ ಹೀರೇಬಳ್ಳಿ ಅಪರೂಪಕ್ಕೆ ಕಾಯಿ ಬಿಟ್ಟರೆ ಅಂದೇ ಹಬ್ಬ. ತಿರುಳು ನಮಗೆ, ಸಿಪ್ಪೆ ಮಡಕೆಗೆ. ಒಂದು ಚೂರು ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ, ಸೋಸಿ, ತೆಳ್ಳಗೆ ಮಾಡಿದ ಸಿಪ್ಪೆತೀರ್ಥವನ್ನು ಬಳ್ಳಿಯ ಬುಡಕ್ಕೆ ಚಮಚದಲ್ಲಿ ಹಾಕುತ್ತೇವೆ.

ನೀವೋ, ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುತ್ತೀರಿ. ಬಾಳೆಹಣ್ಣು ತಿಂದು ಸಿಪ್ಪೆಯನ್ನು ತಿರುಗಿಯೂ ನೋಡದೆ ಎಸೆಯುತ್ತೀರಿ. ಆ ಕೈ ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ನಿಮಗೆ ಶಾಪ ಹಾಕಿದ್ದೂ ಉಂಟು, ಅಷ್ಟು ಹಿಂದಕ್ಕೆ ತಟ್ಟಲಾರದೆಂಬ ಧೈರ್ಯದಿಂದ.

ಮಗಳು ಕಸ್ತೂರಿ ಈಗ ಬಸುರಿ. ನೀವು ಹೀರೇಕಾಯಿ ಸಿಪ್ಪೆಯ ಚಟ್ನಿ ಅರೆಯುವುದನ್ನು ಹಿಂಗನ್ನಡಿಯಲ್ಲಿ ಕಂಡ ದಿನದಿಂದ ಅವಳಿಗೆ ಅದೇ ಬಯಕೆ. ಬಳ್ಳಿಯಲ್ಲಿದ್ದದ್ದು ಒಂದೇ ಕಾಯಿ. ಬಸುರಿಗೆ ಇಲ್ಲವೆನ್ನುವುದು ಹೇಗೆ? ಮಡಕೆ ಉಪವಾಸವಿರಲಿ ಎಂದು ಅರೆದು ಕೊಟ್ಟೆ. ಅವಳು ಅರ್ಧ ತಿಂದು, ಉಳಿದರ್ಧವನ್ನು ನನಗೆ ಹೇಳದೆ ಮಡಕೆಗೆ ಹಾಕಿದಳು. ಉಪ್ಪು ಖಾರ ತಾಗಿ ಹುಳುಗಳೆಲ್ಲ ಒದ್ದಾಡುತ್ತ ಅಂಚಿಗೆ ಹತ್ತಿದವು. ಊಟ ಮಿಗುವುದನ್ನೇ ಕಾಣದವಳಿಗೆ, ಮಿಕ್ಕ ಊಟದ ಉಪ್ಪು ಮಣ್ಣಿಗೆ ಆಗದೆಂದು ಹೇಗೆ ಗೊತ್ತಿರಬೇಕು? ಯಾಕೆ ಹಾಕಿದೆ ಎಂದು ಕೇಳಿದೆ.

“ಒಬ್ಬಾಕಿನ ಹ್ಯಾಂಗ ತಿನ್ನಲಿ? ಅದಕ್ಕೂ ಬಯಕಿ ಇರ್ತೈತಲ್ಲ ಬೇ” ಎಂದಳು.

ಇಬ್ಬರೂ ಕೂಡಿ ಮಣ್ಣನ್ನು ಬಟ್ಟೆಗೆ ಸುರಿದು, ಮತ್ತೆ ಮತ್ತೆ ನೀರು ಹನಿಸಿ ಉಪ್ಪು ಇಳಿಸಿದೆವು. ಕೆಲವು ಹುಳು ಉಳಿದಿವೆ. ಅವಕ್ಕೆ ಹಾಕಲು ಸಿಪ್ಪೆಯಿಲ್ಲ. ಮುಂದೆ ಮೊಮ್ಮಗುವಿಗೆ ಒಂದು ಹಿಡಿ ಹೆಪ್ಪು ಕೊಡಲಾದೀತೋ ಇಲ್ಲವೋ ತಿಳಿಯದು. ಅದೇ ಸಂಜೆ ಹಿಂಗನ್ನಡಿಯಲ್ಲಿ ನೀವು ಬುಟ್ಟಿ ತುಂಬ ಸಿಪ್ಪೆಯ ಮೇಲೆ ಹಳಸಿದ ಸಾರು ಸುರಿದು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿದಿರಿ. ನನಗೆ ಅಳು ಬಂತು.

ಕೇಳಿಕೊಳ್ಳುವುದು ಇಷ್ಟೇ. ನಾಳೆ ಆ ಗಂಟು ಹಾಕಬೇಡಿ. ಸಿಪ್ಪೆಯನ್ನು ಬೇರೆ ಇಟ್ಟು, ತೂತಿರುವ ಒಂದು ಮಡಕೆಗೆ ಒಣ ಎಲೆಯ ಜೊತೆ ಹಾಕಿ, ಸಾರು ಸೋಕಿಸಬೇಡಿ. ನೀವು ಕಟ್ಟಿದ ಮಣ್ಣು ಕೈಯಿಂದ ಕೈಗೆ ದಾಟಿ ನಮ್ಮವರೆಗೆ ಬಂದೀತು. ನನ್ನ ಹೊಟ್ಟೆಕಿಚ್ಚು ನನ್ನ ಜೊತೆಗೇ ಹೋಗಲಿ. ನನ್ನ ಮೊಮ್ಮಗು ಮಾತ್ರ ಚಟ್ನಿಯನ್ನೂ ತಿಂದು, ಮಡಕೆಗೂ ಸಿಪ್ಪೆ ಹಾಕಲಿ. ಓಣಿಯವರೆಲ್ಲ ಅದನ್ನು ಕಂಡು ಕರುಬಲಿ.