ಬಾಚಣಿಗೆಯ ಎಂಟನೇ ಮಹಡಿ

ಮನೆಯಿಂದ,
ಜೂನ್ ೮, ಭಾನುವಾರ

ಸಿಟ್ಟು ಮಾಡಿಕೊಂಡಿರುವ ನನ್ನ ಪ್ರೀತಿಯ ಅತ್ತೆಗೆ,

ಕೆಮ್ಮು ಹೇಗಿದೆ? ನಾದಿನಿ ಹೊತ್ತುಹೊತ್ತಿಗೆ ಬಿಸಿನೀರು ಕಾಯಿಸಿಕೊಡುತ್ತಿದ್ದಾಳೆಯೇ, ಇಲ್ಲ ನಿಮ್ಮ ಬೈಗುಳಕ್ಕೆ ಹೆದರಿ ದೂರ ನಿಂತಿದ್ದಾಳೆಯೇ? ನಿಮ್ಮ ಮಗ ಚೆನ್ನಾಗಿದ್ದಾರೆ. ಸಂಜೆಯ ಅಡುಗೆ ಈಗ ಅವರದೇ. ಒಂದು ದಿನ ಉಪ್ಪೇ ಇರುವುದಿಲ್ಲ, ಮರುದಿನ ಎರಡು ದಿನದ್ದೂ ಸೇರಿ ಇರುತ್ತದೆ.

“ನಲವತ್ತಾದ ಮೇಲೆ ಕಾಲೇಜಂತೆ ಕಾಲೇಜು! ನಾನು ಬೇಕೋ ಆ ಬಾಚಣಿಗೆ ಬೇಕೋ ನೀನೇ ನೋಡ್ಕೋ” ಎಂದು ನೀವು ಮಗಳ ಮನೆಗೆ ಹೊರಟು ತಿಂಗಳಾಯಿತು. ವಿಶ್ವವಿದ್ಯಾಲಯದ ಆ ಎತ್ತರದ ಕಟ್ಟಡಕ್ಕೆ ನೀವಿಟ್ಟ ಹೆಸರು ಎಷ್ಟು ಸರಿ ಅನ್ನುವುದು ನನಗೆ ಈಗ ಗೊತ್ತಾಯಿತು. ಬುಡದಲ್ಲಿ ನಿಂತು ಕತ್ತೆತ್ತಿದರೆ ನೆಲದಿಂದ ತುದಿಯವರೆಗೆ ಕಾಂಕ್ರೀಟಿನ ಹಲ್ಲುಗಳೇ. ಅವು ಬರೀ ಚಂದಕ್ಕಲ್ಲ ಅತ್ತೆ, ಬಿಸಿಲನ್ನು ಹೊರಗೇ ತಡೆದು ಬೆಳಕನ್ನಷ್ಟೇ ಒಳಗೆ ಬಿಡುತ್ತವೆ, ಪರದೆಯೇ ಬೇಕಿಲ್ಲ. ಒಂದು ಕೆತ್ತನೆಯಿಲ್ಲ, ಬಣ್ಣವಿಲ್ಲ, ಆದರೂ ಕಣ್ಣು ಕೀಳಲು ಮನಸ್ಸಾಗುವುದಿಲ್ಲ. ದೀಪ ಹತ್ತಿದ ಮೇಲೆ ಮನೆ ಕಡೆ ಬರುತ್ತ ತಿರುಗಿ ನೋಡಿದರೆ, ಅಯ್ಯೋ, ಇಷ್ಟು ಚೆಲುವಾದದ್ದರೊಳಗೆ ನಾನೂ ಕೂತು ಬಂದೆನಲ್ಲ ಎಂದು ಹೆಮ್ಮೆಯಾಗುತ್ತದೆ. ನೀವೇನು ಕಡಿಮೆಯೇ? ಬಾಯಿತುಂಬ ಬಯ್ದರೂ ನೆಂಟರಿಗೆ ದಾರಿ ಹೇಳುವಾಗ “ಬಾಚಣಿಗೆಗೆ ಬೆನ್ನು ಹಾಕಿ ನೆಟ್ಟಗೆ ಬನ್ನಿ” ಅನ್ನುತ್ತಿದ್ದಿರಿ!

ನನ್ನದು ಒಂದೇ ತಕರಾರು: ಮಹಡಿಗಳೆಲ್ಲ ಒಂದೇ ಅಚ್ಚು. ಮೊದಲ ದಿನ ಎಂಟರ ಬದಲು ಒಂಬತ್ತರಲ್ಲಿ ಲಿಫ್ಟ್ ಇಳಿದು, ಇತಿಹಾಸದ ತರಗತಿಯೆಂದು ಹೋಗಿ ಕೂತೆ. ಮೇಷ್ಟ್ರು ಹಲ್ಲು ನೋಡಿ ಹಸುವಿನ ವಯಸ್ಸು ಹೇಳುವುದನ್ನು ಕಲಿಸುತ್ತಿದ್ದರು. ಇನ್ನೇನು ರಾಜರ ಕಥೆಗೆ ಬರುತ್ತಾರೆ ಎಂದು ಪಾಠ ಪೂರ್ತಿ ಬರೆದುಕೊಂಡೆ! ನಿಮ್ಮ ಮಗ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು, “ಇದನ್ನ ಅಮ್ಮಂಗೆ ಬರಿ, ಸಿಟ್ಟು ಇಳಿಯುತ್ತೆ” ಅಂದರು. ಅದಕ್ಕೇ ಬರೆದಿದ್ದೇನೆ.

ನಾದಿನಿಯನ್ನು ಕೇಳಿದೆನೆಂದು ಹೇಳಿ. ತಣ್ಣೀರು ಮುಟ್ಟಬೇಡಿ.

ನಿಮ್ಮ ಆಶೀರ್ವಾದಕ್ಕೂ ಬೈಗುಳಕ್ಕೂ ಕಾದಿರುವ,
ನಿಮ್ಮ ಹಠಮಾರಿ ಸೊಸೆ

ಮರೆತೆ: ನಮ್ಮ ತರಗತಿಯ ಕಿಟಕಿಯಿಂದ ಮನೆಯ ತಾರಸಿ ಕಾಣುತ್ತದೆ. ನಿಮ್ಮ ಹಸಿರು ಕುರ್ಚಿ ಖಾಲಿ. ಪಾಠದ ನಡುವೆಯೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಾಲೇಜು ಬಿಡುತ್ತೇನೆ ಎಂದು ಬರೆಯಬೇಕೆಂದೇ ಕೂತಿದ್ದೆ, ಕೈ ಬರಲಿಲ್ಲ. ನನಗೆ ನೀವೂ ಬೇಕು, ಬಾಚಣಿಗೆಯೂ ಬೇಕು. ಬಂದ ದಿನ ನಿಮ್ಮ ಕೆಂಪು ಶಾಲನ್ನು ತಾರಸಿಯ ತಂತಿಯ ಮೇಲೆ ಹರವಿ. ಕಂಡ ಕೂಡಲೇ... ಇಲ್ಲ, ಪಾಠ ಮುಗಿದ ಕೂಡಲೇ, ಲಿಫ್ಟಿಗೂ ಕಾಯದೆ ಓಡಿ ಬರುತ್ತೇನೆ.