ಗಂಗಾಧರನ ಹೆಸರಿನ ತಪ್ಪುಕಾಣಿಕೆ

ಶಿವನಿ
೧೩-೨-೧೯೮೫, ಬುಧವಾರ

ಚಿರಂಜೀವಿ ತಮ್ಮ ಗಂಗಾಧರನಿಗೆ ಶಿವನಿಯಿಂದ ನಿನ್ನ ಅಕ್ಕ ಹರಸಿ ಬರೆಯುವುದು.

ಮೊದಲು ನಿನ್ನ ಹಲ್ಲು ನೆಟ್ಟಗಿವೆಯಾ ಅದನ್ನು ಬರಿ. ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣೋ. ನೀನು ಮೈಕಿನ ಮುಂದೆ ನಿಂತು ಭಾಷಣ ಮಾಡ್ತಿದ್ದೀಯ, ಮಾತಿಗೊಂದು ಹಲ್ಲು ಉದುರ್ತಿದೆ, ಜನ ಚಪ್ಪಾಳೆ ತಟ್ತಿದಾರೆ, ನಾನು ಸೆರಗೊಡ್ಡಿ ಆಯ್ಕೊಳ್ತಿದ್ದೀನಿ. ಹಲ್ಲು ಬಿದ್ದ ಕನಸು ಒಳ್ಳೇದಲ್ಲ ಅಂತಾರೆ. ಎದ್ದವಳೇ ನಿಮ್ಮ ಭಾವನಿಗೆ ಹೇಳಿದೆ. “ಅವನ ಹಲ್ಲು ಉದುರಿದ್ರೆ ಒಳ್ಳೇದೇ ಬಿಡು, ಬೈಯೋದಾದ್ರೂ ಕಮ್ಮಿಯಾಗುತ್ತೆ” ಅಂದು ಮಗ್ಗುಲಾದರು. ಈ ಮನೇಲಿ ನನ್ನ ಹೊಟ್ಟೆ ಸಂಕಟ ಯಾರಿಗೆ ಬೇಕು. ಆರೋಗ್ಯವಾಗಿದ್ದೀಯಾ? ದಾವಣಗೆರೆ ನೀರು ನಿನಗೆ ಒಗ್ಗೋದಿಲ್ಲ, ಕಾಯಿಸಿ ಆರಿಸಿ ಕುಡಿ. ದಿನಾ ಸಂಜೆ ಮೆಣಸಿನಕಾಯಿ ಬಜ್ಜಿ ತಿಂದು ಹೊಟ್ಟೆ ಕೆಡಿಸ್ಕೋಬೇಡ. ಸೋದರತ್ತೆ ಮಂಡಿನೋವು ಹೇಗಿದೆ? ಅವರ ಮನೇಲಿ ಸುಮ್ಮನೆ ಕೂತು ಉಣ್ತಿದ್ದೀಯ, ನೀರಾದರೂ ಸೇದಿ ಕೊಡು.

ನಿನ್ನ ಕಾಗದ ನಿನ್ನೆ ಬಂತು. ಕಾರ್ಡಿನಲ್ಲಿ ಬೈದು ಬರೀತಾರೇನೋ? ಪೋಸ್ಟಿನವನು ನಿಂತು ಪೂರ್ತಿ ಓದಿಕೊಂಡು, “ತಮ್ಮ ಬಾಳ ಬೇಜಾರಾಗಿದಾರೆ ಕಣಮ್ಮಾ” ಅಂತ ಕೈಗೆ ಕೊಟ್ಟು ಹೋದ. ನಾನು ನಿನ್ನ ಅನ್ನಕ್ಕೆ ಮಣ್ಣು ಹಾಕಿದವಳು ಅಂತ ಬೀದಿಗೆಲ್ಲ ಗೊತ್ತಾಯ್ತು. ಇನ್ನು ಮೇಲೆ ಬೈಯೋದಿದ್ದರೆ ಮುಚ್ಚಿದ ಕಾಗದದಲ್ಲಿ ಬೈಯಿ.

ನಾನು ನಿನಗೇನು ಕೇಡು ಬಯಸಿದೆ ಹೇಳು. ನೀನು ಹೇಳಿದ್ದನ್ನೇ ಇಷ್ಟು ದಿನ ಕಂಡಕಂಡವರಿಗೆಲ್ಲ ಒಪ್ಪಿಸಿದ್ದೀನಿ, ಬಾಯಿಪಾಠ ಆಗಿಹೋಗಿದೆ. ತರೀಕೆರೆಯ ಪಕ್ಷದ ಆಫೀಸಿನಲ್ಲಿ ಎಲೆಕ್ಷನ್ ಗಡಿಬಿಡಿ, ಟೈಪು ಮಾಡೋ ಸಾವಿತ್ರಮ್ಮ ಕರಪತ್ರದಲ್ಲಿ ತಪ್ಪು ಮಾಡಿದಳು, ನನ್ನ ತಮ್ಮ ಬೈದದ್ದು ನಿಜ, ಆದರೆ ರೂಲುದೊಣ್ಣೆ ಎಸೆದವನು ಅವನಲ್ಲ. ಜೀಪಿನ ಡ್ರೈವರು ನಮ್ಮೂರ ಈರಪ್ಪ ಹುಡುಗಾಟಕ್ಕೆ ಎಸೆದ, ಗುರಿ ತಪ್ಪಿ ಆಕೆ ಕಿವಿ ಹಿಂದೆ ಬಿದ್ದು ರಕ್ತ ಬಂತು. ಆಕೆ ಮಿಷನ್ನಿಗೆ ಮುಖ ಮಾಡಿ ಕೂತಿದ್ದಳು, ಯಾರ ಕೈ ಅಂತ ನೋಡಲಿಲ್ಲ. ಅಧ್ಯಕ್ಷರು ಜಯದೇವಪ್ಪನವರು ನಿನ್ನ ಮಾತು ಕೇಳಿ ಈರಪ್ಪನನ್ನು ನಿಂತ ನಿಲುವಿನಲ್ಲೇ ಕೆಲಸದಿಂದ ತೆಗೆದರು. ಆಫೀಸು ನೋಡಿಕೊಳ್ಳೋನು ನೀನು, ನಿನ್ನ ಕಣ್ಣೆದುರಿಗೇ ಹೀಗಾಯ್ತು ಅಂತ ನಿನ್ನನ್ನು ಸಸ್ಪೆಂಡ್ ಮಾಡಿದರು. ಶಿವರಾತ್ರಿ ಕಳೆದು ಬುಧವಾರ ವಿಚಾರಣೆ, ಎರಡು ಮಾತು ಕೇಳಿ ಮತ್ತೆ ಕೂರಿಸ್ಕೊಳ್ತಾರೆ ಅಂದಿದ್ದೆ. ಸರಿ ತಾನೇ? ಒಂದಕ್ಷರ ಆಚೀಚೆ ಹೇಳಿಲ್ಲ ನಾನು.

ಬುಧವಾರ ಹತ್ತಿರ ಬಂದಂಗೆಲ್ಲ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಮಠಕ್ಕೆ ಹೋಗಿ ನಿನ್ನ ಹೆಸರಿನಲ್ಲಿ ತಪ್ಪುಕಾಣಿಕೆ ಇಟ್ಟೆ, ಒಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಅಷ್ಟೇ. ನಮ್ಮಲ್ಲಿ ಯಾರಿಡಲ್ಲ ಹೇಳು? ಅವ್ವ ಮನೇಲಿ ಹಾಲು ಒಡೆದರೂ ಇಡ್ತಿದ್ದಳು. ಗೊತ್ತಿದ್ದೋ ಗೊತ್ತಿಲ್ದೆಯೋ ಏನಾದರೂ ಆಗಿದ್ದರೆ ಗುರು ಹೊಟ್ಟೇಲಿ ಹಾಕ್ಕೊಳ್ಳಲಿ ಅಂತ. ಕಾಣಿಕೆ ಇಟ್ಟವರ ಹೆಸರು ಕೂಗೋ ಆ ಮರಿಸ್ವಾಮಿ ಹಾಗೆ ಕೂಗ್ತಾನೆ ಅಂತ ನನಗೇನು ಗೊತ್ತು? ತುಂಬಿದ ಸಭೆಯಲ್ಲಿ, “ಶಿವನಿ ಗುರುಶಾಂತಮ್ಮನ ತಮ್ಮ ಗಂಗಾಧರಯ್ಯನ ತಪ್ಪುಕಾಣಿಕೆ!” ಅಂತ ಹರಾಜು ಕೂಗಿದ ಹಾಗೆ ಕೂಗಿಬಿಟ್ಟ. ಕಂಬದ ಪಕ್ಕ ಜಯದೇವಪ್ಪನವರು ಕೂತಿದ್ದರು. ತಿರುಗಿ ನನ್ನನ್ನೇ ನೋಡಿದರು. ನಾನು ಹಲ್ಲು ಕಿರಿದು ಕೈ ಮುಗಿದೆ. ಅವರು ಮುಗೀಲಿಲ್ಲ. ಹೊರಗೆ ಬಂದಾಗ, “ಮನೆಯವರೇ ಒಪ್ಕೊಂಡ ಮೇಲೆ ನಾವು ಇನ್ನೇನು ವಿಚಾರಣೆ ಮಾಡೋದಮ್ಮಾ, ತೆಗೆದುಹಾಕೋದೊಂದೇ ಬಾಕಿ” ಅಂದರು. ಮಠದಲ್ಲಿಟ್ಟ ಕಾಯಿ ಆಫೀಸಿನ ಸಾಕ್ಷಿ ಆಗುತ್ತೆ ಅಂತ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಹೇಗೋ ತಿಳೀಬೇಕು? ಮೆಟ್ರಿಕ್ ಓದಿದ ನೀನು ಮೊದಲೇ ಎಚ್ಚರಿಸಬೇಕಿತ್ತು.

ಈಗ ನೀನು ಹೇಳ್ತಿರೋದು ನೋಡು. ಬುಧವಾರ ನಾನೇ ಹೋಗಿ, ಆ ಕಾಣಿಕೆ ತಮ್ಮನದಲ್ಲ, ಹಸು ಸುಖವಾಗಿ ಕರು ಹಾಕಲಿ ಅಂತ ಕಟ್ಟಿಕೊಂಡಿದ್ದ ಹರಕೆ, ಮರಿಸ್ವಾಮಿ ತಪ್ಪಾಗಿ ಕೂಗಿದ ಅಂತ ಹೇಳಬೇಕಂತೆ. ಯಾವ ಹಸುವೋ? ನಮ್ಮ ಹಸು ಸಂಕ್ರಾಂತಿಗೇ ಕರು ಹಾಕಿತು, ಕೇರಿಗೆಲ್ಲ ಗಿಣ್ಣು ಹಂಚಿದ್ದೀನಿ, ಜಯದೇವಪ್ಪನವರ ಬೀಗರ ಮನೆಗೂ ಹೋಗಿದೆ. ಸುಳ್ಳು ಹೇಳಿಸೋದಾದರೂ ಸರಿಯಾಗಿ ವಿಚಾರಿಸಿ ಹೇಳಿಸಬಾರದಾ? ಗುರುವಿನ ಮುಂದೆ ಇಟ್ಟದ್ದನ್ನ ಇಟ್ಟಿಲ್ಲ ಅಂತ ಯಾವ ಬಾಯಲ್ಲಿ ಅನ್ನಲಿ? ಅಂದರೂ ಕಷ್ಟ, ಅನ್ನದಿದ್ದರೆ ನಿನ್ನ ಕೆಲಸ ಹೋಗುತ್ತೆ. ಸಾಕಾಗಿಹೋಗಿದೆ ಕಣೋ ನಿನ್ನ ಸಹವಾಸ.

ಮನಸ್ಸು ತಡೀದೆ ಮೊನ್ನೆ ಅಜ್ಜಂಪುರದ ಮೇಲೆ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ಸಾವಿತ್ರಮ್ಮನನ್ನೂ ನೋಡಿ ಬಂದೆ. ನಿನಗೆ ಹೇಳಿರಲಿಲ್ಲ. ಗಂಡನಿಲ್ಲದ ಹೆಂಗಸು, ತಲೆಗೆ ಪಟ್ಟಿ ಕಟ್ಟಿಕೊಂಡೇ ಕಾಫಿ ಮಾಡಿಕೊಟ್ಟಳು. ಏನೋ ಸಮಾಧಾನ ಹೇಳೋಕೆ ಹೋದೆ. “ಅಕ್ಕಾ, ದೊಣ್ಣೆ ಯಾರದ್ದೋ ನಾನು ನೋಡಿಲ್ಲ. ಆ ಬಾಯಿ ಮಾತ್ರ ನಿಮ್ಮ ತಮ್ಮನದೇ. ದಿನಾ ಕೇಳಿದ್ದೀನಲ್ಲ” ಅಂದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ನಿನ್ನ ಸಿಟ್ಟು ನನಗೆ ಗೊತ್ತಿಲ್ಲದ್ದಾ? ಸಾರು ಸಪ್ಪೆ ಅಂತ ತಟ್ಟೆ ಸಮೇತ ಮುದ್ದೆ ಅಂಗಳಕ್ಕೆ ಹಾರಿಸಿದವನು. ಆದರೂ ಹೊರಗಿನವರ ಮುಂದೆ ನಿನ್ನನ್ನ ಬಿಟ್ಟುಕೊಟ್ಟಿಲ್ಲ. ಆಕೆಗೆ ನಾಲ್ಕು ತೆಂಗಿನಕಾಯಿ ಕೊಡೋಕೆ ಹೋದರೆ, “ಇದೂ ಕಾಣಿಕೇನಾ ಅಕ್ಕಾ?” ಅಂತ ನಕ್ಕಳು. ಸುದ್ದಿ ಅಲ್ಲಿಗೂ ಮುಟ್ಟಿದೆ.

ಬುಧವಾರ ಏನು ಮಾಡಬೇಕೋ ಇನ್ನೂ ತೋಚಿಲ್ಲ. ನೀನಂತೂ ಅಲ್ಲಿ ಅಡಗಿ ಕೂರಬೇಡ, ಬಂದು ನಿನ್ನ ಮಾತು ನೀನೇ ಹೇಳು. ಹಬ್ಬದ ದಿನ ಉಪವಾಸ ಮಾಡಿ ಪಿತ್ತ ಕೆರಳಿಸ್ಕೋಬೇಡ, ಹಣ್ಣಾದರೂ ತಿನ್ನು. ಅತ್ತೆಗೆ ನನ್ನ ಶರಣು ಹೇಳು. ನಿಮ್ಮ ಭಾವನೂ ಕೇಳಿದಾರೆ ಅಂತ ಬರೀತೀನಿ, ಅವರೇನೂ ಹೇಳಲಿಲ್ಲ. ಶಿವ ನಿನಗೆ ಆಯಸ್ಸು ಕೊಡಲಿ, ಬುದ್ಧೀನೂ ಕೊಡಲಿ.

ಇತಿ ನಿನ್ನ ಅಕ್ಕ
ಗುರುಶಾಂತಮ್ಮ

ತಾ.ಕ. ಲಕೋಟೆ ಅಂಟಿಸೋ ಹೊತ್ತಿಗೆ ಈರಪ್ಪನ ಹೆಂಡ್ತಿ ಹುಚ್ಚಮ್ಮ ಬಂದು ಬಾಗಿಲಲ್ಲಿ ನಿಂತಳು. ಜಗಳಕ್ಕೇ ಬಂದಳು ಅಂತ ಹೆದರಿದೆ. ಅವಳು ಜಗಳ ಆಡಲಿಲ್ಲ. “ಗುರುಶಾಂತಕ್ಕಾ, ಆ ಪೆಟ್ಟಾದ ದಿನ ನಮ್ಮೋರಿಗೆ ಮಜ್ಜಿಗೆ ಕೊಟ್ಟೋರು ನೀವೇ ಅಲ್ವ್ರಾ, ಮರ್ತ್ಬಿಟ್ರಾ?” ಅಂದಳು. ಆಗ ನೆನಪಾಯ್ತು ಕಣೋ. ದಾವಣಗೆರೆಯಿಂದ ರೈಲಲ್ಲಿ ಬರೋ ಪೋಸ್ಟರ್ ಕಟ್ಟು ಇಳಿಸಿಕೊಳ್ಳೋಕೆ ಈರಪ್ಪ ಜೀಪು ತಂದು ಶಿವನಿ ಸ್ಟೇಷನ್ನಿನಲ್ಲಿ ಕಾದಿದ್ದ. ರೈಲು ತಡ, ದೀಪ ಹಚ್ಚೋತನಕ ನಮ್ಮ ಜಗಲಿ ಮೇಲೇ ಕೂತಿದ್ದ. ನನಗೆ ಅವತ್ತು ಸೋಮವಾರದ ಒಪ್ಪೊತ್ತು, ನನ್ನ ಪಾಲಿನ ಮಜ್ಜಿಗೇನೇ ಅವನಿಗೆ ಕೊಟ್ಟದ್ದು. ನೀನು ಕಾರ್ಡಿನಲ್ಲಿ ಬರೆದಿದ್ದೀಯ, ಸಾವಿತ್ರಮ್ಮನಿಗೆ ಪೆಟ್ಟಾದದ್ದು ಆ ಸೋಮವಾರ, ಹೊತ್ತು ಇಳಿಯೋವಾಗ ಅಂತ. ಬುಧವಾರ ನಾನು ತರೀಕೆರೆಗೆ ಹೋಗ್ತೀನಿ, ನಿನ್ನ ಕಾಗದ ಬಂದರೂ ಸರಿ, ಬರದಿದ್ದರೂ ಸರಿ. ಹುಚ್ಚಮ್ಮನೂ ಜೊತೆಗೆ ಬರ್ತಾಳೆ. ಹಸುವಿನ ವಿಷಯ ನಾನು ಎತ್ತೋದಿಲ್ಲ. ಅಷ್ಟರೊಳಗೆ ಇನ್ನೊಂದು ಸಲ ಸರಿಯಾಗಿ ನೆನೆಸ್ಕೊಂಡು ಬರಿ ತಮ್ಮಾ, ಅದು ಸೋಮವಾರವೇನಾ?