ಮುಟ್ಟಿನ ಲೆಕ್ಕ

ನವೆಂಬರ್ 20, ಗುರುವಾರ

ಹೊಟ್ಟೆನೋವು ಇಳಿದಿದೆ, ಸುಸ್ತು ಮಾತ್ರ ಹೋಗುತ್ತಿಲ್ಲ. ಮೂರು ತಿಂಗಳಿಗೇ ಗರ್ಭ ಹೋಯಿತು ಎಂದು ಇನ್ನೆಷ್ಟು ಜನರಿಗೆ ಹೇಳುವುದು?

ಶಿರಾದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಮಗುವಿಗೆ ಅನ್ನ, ಉಸಿರು ಸಾಗಿಸುವ ಮಾಸು ಇನ್ನೂ ಬೆಳೆಯುತ್ತಿರುವಾಗಲೇ ಅದರ ಜೀವಕೋಶಗಳು ಸಾಯತೊಡಗಿದ್ದವಂತೆ. "ನೀವು ಸ್ಕೂಟಿ ಓಡಿಸಿದ್ದಕ್ಕಲ್ಲಮ್ಮ" ಎಂದರು. ಹಟ್ಟಿಯವರು ಮಾತ್ರ ನಾನು ಬುಕ್ಕಾಪಟ್ಟಣದ ಶಾಲೆಗೆ ಹೋಗುವ ಸ್ಕೂಟಿಯನ್ನೇ ಇನ್ನೂ ಬಯ್ಯುತ್ತಿದ್ದಾರೆ. ಬಯ್ದುಕೊಳ್ಳಲಿ. ಅವರಿಗೆ ಬಯ್ಯಲು ಏನೋ ಒಂದಿದೆ.

ಮುಟ್ಟಾದವರನ್ನು ಕೆಲವು ದಿನ, ಬಾಣಂತಿಯರನ್ನು ತಿಂಗಳುಗಟ್ಟಲೆ ಹಟ್ಟಿಯ ಹೊರಗಿನ ಈ ಕೋಣೆಯಲ್ಲಿರಿಸುವುದು ನಮ್ಮವರ ಪದ್ಧತಿ. ಟೀಚರ್ ಸೊಸೆಗೂ ವಿನಾಯಿತಿಯಿಲ್ಲ. ಇದನ್ನು ಕಂಡರೆ ಮದುವೆಯಾದಾಗಿನಿಂದ ನನಗಾಗದು.

ಸಂಜೆ ಅತ್ತೆ ಕ್ಯಾತಮ್ಮ ಬಾಗಿಲಾಚೆ ಕೂತು, ಪಾಪ, ಸಿಹಿಸುದ್ದಿ ತಂದವರಂತೆ ಹೇಳಿದರು: "ನಾಳೀಕೆ ಒಳಕ್ಕೆ ಬಂದ್ಬುಡು ಕಣಮ್ಮ. ಮಾಸು ಬೀಳ್ನಿಲ್ವಲ್ಲ, ಇದು ಹೆರಿಗೆ ಅಲ್ಲ, ಮುಟ್ಟಿನ ಲೆಕ್ಕ. ದೊಡ್ಡೋರೂ ಅಂಗೇ ಅಂದವ್ರೆ."

ನಾಳೆಯೇ ನನ್ನ ಮಂಚ, ನನ್ನ ಬಚ್ಚಲು. ಖುಷಿಯಾಗಬೇಕಿತ್ತು.

"ಇತ್ತು ಕಣತ್ತೆ, ಮಾಸು ಇತ್ತು," ಎಂದೆ. "ಅದು ಸತ್ತಿದ್ದಕ್ಕೇ ಮಗು ಹೋಗಿದ್ದು."

ಅತ್ತೆ ಎದ್ದು ಹೋಗಿ, ಬಾಣಂತಿಯರಿಗೆಂದೇ ತೆಗೆದಿಟ್ಟಿದ್ದ ಕರಿಕಂಬಳಿ ತಂದು ಹೊಸ್ತಿಲ ಮೇಲಿಟ್ಟರು. "ಅಂಗಾರೆ ಇಲ್ಲೇ ಇರವ್ವ. ಹೆತ್ತೋಳು ಬೆಚ್ಚಗಿರಬೇಕು."

ಬೇಡವೆನ್ನುತ್ತಿದ್ದ ಕೋಣೆಯನ್ನು ನಾನೇ ಕೇಳಿ ಪಡೆದಂತಾಯಿತು. ಗಂಡನಿಗೆ ಇದನ್ನು ಹೇಗೆ ಹೇಳುವುದೋ. ಬೆಳಗ್ಗೆ ನೋಡೋಣ, ಕಣ್ಣು ಎಳೆಯುತ್ತಿದೆ. ಕಂಬಳಿ ಮೈಯೆಲ್ಲ ಚುಚ್ಚುತ್ತಿದೆ. ತೆಗೆಯಲು ಮನಸ್ಸಾಗುತ್ತಿಲ್ಲ.